ಬೀನ್ಸ್ ಎಲೆಯ ಚುಕ್ಕೆ: ನುಸಿಯೋ, ಓಝೋನೋ?

ಮಾಲೂರು ಕಡೆ ನಾವು ಬೇಸಿಗೆ ಬೀನ್ಸ್ ಹಾಕೋರು. ಎಲೆ ಕಂಚಿನ ಬಣ್ಣಕ್ಕೆ ತಿರುಗಿದ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ, ಮೊದಲು ಬುಡದ ಹಳೇ ಎಲೆ ಕಿತ್ತು ನೋಡಿ.

ನರ ಹಸಿರಾಗೇ ಇದ್ದು, ನರಗಳ ನಡುವೆ, ಎಲೆಯ ಮೇಲ್ಭಾಗದಲ್ಲಿ ಮಾತ್ರ ಸಣ್ಣ ಕಂದು ಚುಕ್ಕೆ ಒತ್ತಾಗಿದ್ದರೆ ಓಝೋನ್ ಅನುಮಾನ; ಆಕಾಶದ ಓಝೋನ್ ಪದರ ಅಲ್ಲ, ನೆಲದ ಹತ್ತಿರದ ಗಾಳಿಯಲ್ಲಿ ಸೇರುವ ಮಾಲಿನ್ಯದ ಅನಿಲ. ಎಲೆ ಮಗುಚಿ. ಬಲೆ, ಓಡಾಡುವ ಕೆಂಪು ನುಸಿ ಕಂಡರೆ ಅದು ನುಸಿ ಕಾಟವೇ. ನಾನು ಹೆಚ್ಚು ನಂಬೋ ಗುರುತು ಇನ್ನೊಂದಿದೆ: ಮೇಲೊಂದು ಎಲೆ ಕವುಚಿಕೊಂಡು ನೆರಳಾದ ಜಾಗದಲ್ಲಿ ಓಝೋನ್ ಚುಕ್ಕೆ ಇರಲ್ಲ, ಹಸಿರು ಹಾಗೇ ಉಳಿದಿರುತ್ತೆ.

ವಾಹನ, ಕಾರ್ಖಾನೆಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್, ಪೆಟ್ರೋಲ್ ಆವಿಯಂಥವು ಬಿಸಿಲಲ್ಲಿ ಸೇರಿ ಓಝೋನ್ ಆಗುತ್ತೆ. ಗಾಳಿ ಅದನ್ನು ಪೇಟೆಯಿಂದ ದೂರದ ಹೊಲಕ್ಕೂ ತರುತ್ತೆ. ಪತ್ರರಂಧ್ರದಿಂದ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳಿಂದ, ಓಝೋನ್ ಒಳಹೊಕ್ಕು, ಎಲೆ ಆಹಾರ ತಯಾರಿಸುವುದನ್ನೇ ಕುಗ್ಗಿಸುತ್ತೆ. ಕಾಯಿಗೆ ಹೋಗಬೇಕಾದ ಶಕ್ತಿ ಎಲೆಯ ಗಾಯ ಮಾಗಿಸೋಕೆ ಖರ್ಚು. ಚುಕ್ಕೆ ಕಾಣದೆಯೂ ಇಳುವರಿ ಇಳಿಯಬಹುದು, ಅದೇ ನನಗೆ ಸಂಕಟ.

ಕೀಟನಾಶಕ ಇದಕ್ಕೆ ದಂಡ. ನೀರು ನಿಲ್ಲಿಸಿ ರಂಧ್ರ ಮುಚ್ಚಿಸೋಕೂ ಹೋಗಬೇಡಿ, ಗಿಡ ಸೊರಗುತ್ತೆ. ಎರಡು ತಳಿ ಅಕ್ಕಪಕ್ಕ ಹಾಕಿ, ಯಾವುದರ ಎಲೆ ಚೊಕ್ಕಟವಾಗಿ ಉಳಿಯುತ್ತೆ ನೋಡಿ. ಅನುಮಾನ ಬಗೆಹರಿಯದಿದ್ದರೆ ಎಲೆಯನ್ನು ಪೇಪರಲ್ಲಿ ಸುತ್ತಿ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.