ಬಝರ್ ಬಿಟ್ಟು ಅಂಗಿ ಗುಂಡಿ ಹಿಡಿದ ಮೇಲೆ ನಮ್ಮನೆ ಕ್ರಿಸ್‌ಮಸ್ ಕ್ವಿಜ್ ಓಡಿತು

ಮನೆಯವರನ್ನೆಲ್ಲ ಕೂರಿಸಿ ಕ್ರಿಸ್‌ಮಸ್ ಕ್ವಿಜ್ ನಡೆಸಿದವರಿಗೆ ಒಂದು ವಿಷಯ ಗೊತ್ತೇ ಇರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆಡುವವರು ಇಬ್ಬರೋ ಮೂವರೋ ಉಳಿದಿರುತ್ತಾರೆ. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಅಡುಗೆಮನೆ ಕಡೆ ಜಾರಿರುತ್ತಾರೆ. ನಮ್ಮ ಮನೆಯಲ್ಲೂ ಹಲವು ವರ್ಷ ಇದೇ ಕಥೆ. "ಕ್ವಿಜ್ ಅಂದ್ರೆ ಪರೀಕ್ಷೆ ತಾನೇ, ಹಬ್ಬದ ದಿನ ಯಾರಿಗೆ ಬೇಕಪ್ಪಾ" ಅಂತ ದೊಡ್ಡಮ್ಮ ಕೈಯಾಡಿಸಿದ್ದರು. ಭಾವ ಅಂತೂ "ಇದು ನಮ್ಮ ಮನೇಲಿ ನಡೆಯೋ ಮಾತಲ್ಲ, ಬಿಟ್ಬಿಡು" ಅಂತ ತೀರ್ಪೇ ಕೊಟ್ಟಿದ್ದರು. ಈಗ ಅದೇ ಭಾವ ಅಕ್ಟೋಬರ್ ಬಂದರೆ ಸಾಕು, ಫೋನ್ ಮಾಡಿ "ಈ ಸಲ ಏನೇನು ಕೇಳ್ತೀಯಾ, ಒಂದೇ ಒಂದು ಹೇಳು" ಅಂತ ಕೆದಕುತ್ತಾರೆ. ಹೇಳುವುದಿಲ್ಲ.

ದುಡ್ಡು ಎಲ್ಲಿ ಸುರಿಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದೇ ದಾರಿಯಲ್ಲಿ ನಿಂತಿರುವವರು ಇದ್ದರೆ ಉಳಿದುಕೊಳ್ಳಲಿ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಹುಮಾನಕ್ಕೇ ಹೋಗುತ್ತಿತ್ತು. ದೊಡ್ಡ ಬಹುಮಾನ ಇಟ್ಟರೆ ಎಲ್ಲರೂ ಆಡುತ್ತಾರೆ ಅನ್ನುವುದು ಸುಳ್ಳು. ಬಹುಮಾನ ದೊಡ್ಡದಾದಷ್ಟೂ ಜಗಳ ದೊಡ್ಡದಾಗುತ್ತದೆ. ಸೋತವರ ಮುಖ ಊಟದ ಹೊತ್ತಿಗೂ ಸರಿಹೋಗುವುದಿಲ್ಲ. ಇನ್ನು ಕಾಲು ಭಾಗ ದೀಪ ಹತ್ತುವ ಬಝರ್ ಸೆಟ್ಟಿಗೆ. ಬಝರ್ ಇದ್ದರೆ ಹೆಬ್ಬೆರಳು ಚುರುಕಾಗಿರುವ ಹದಿಹರೆಯದವರು ಗೆಲ್ಲುತ್ತಾರೆ, ಅಷ್ಟೇ. ಅಜ್ಜಿಗೆ ಉತ್ತರ ಗೊತ್ತಿದ್ದರೂ ಕೈ ಮುಟ್ಟುವ ಹೊತ್ತಿಗೆ ದೀಪ ಬೇರೆ ಕಡೆ ಹತ್ತಿರುತ್ತಿತ್ತು. ಫೋನಿನಲ್ಲಿ ಆಡುವ ಆ್ಯಪಿಗೂ ಚಂದಾ ಕಟ್ಟಿ ನೋಡಿದ್ದಾಯಿತು. ಒಂದೇ ಕೋಣೆಯಲ್ಲಿ ಹದಿನೈದಿಪ್ಪತ್ತು ಜನ ಕೂತು, ಯಾರೂ ಯಾರ ಮುಖವನ್ನೂ ನೋಡದೆ ಪರದೆ ನೋಡುತ್ತಿದ್ದರು. ಅದಕ್ಕೆ ಒಟ್ಟಿಗೆ ಯಾಕೆ ಸೇರಬೇಕು, ಅಲ್ವಾ?

ಉಳಿದ ಚೂರುಪಾರು ದುಡ್ಡು ಅಚ್ಚು ಹಾಕಿದ ಪ್ರಶ್ನೆ ಕಾರ್ಡುಗಳಿಗೆ ಹೋಯಿತು. ಅದರಲ್ಲಿ ಒಂದು ಕಾರ್ಡು, ಸಾಂಟಾ ಕ್ಲಾಸ್‌ಗೆ ಕೆಂಪು ಬಟ್ಟೆ ತೊಡಿಸಿದ್ದು ಕೋಕಾ-ಕೋಲಾ ಅಂತ ಸಾರುತ್ತಿತ್ತು. ಕಲಾವಿದ ಹ್ಯಾಡನ್ ಸಂಡ್‌ಬ್ಲಮ್ ಕೋಕಾ-ಕೋಲಾ ಜಾಹೀರಾತಿಗೆ ಸಾಂಟಾ ಬಿಡಿಸಲು ಶುರು ಮಾಡಿದ್ದು 1931ರಲ್ಲಿ. ಅದಕ್ಕೂ ಎಷ್ಟೋ ಮೊದಲು, 19ನೇ ಶತಮಾನದಲ್ಲೇ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಚಿತ್ರಗಳಲ್ಲಿ ಕೆಂಪು ಬಟ್ಟೆಯ ಸಾಂಟಾ ಬಂದಾಗಿತ್ತು. ಆ ಕಾರ್ಡಿನ ಕಟ್ಟು ಎತ್ತಿಟ್ಟೆ. ಆವತ್ತಿನಿಂದ ಪ್ರಶ್ನೆಗಳನ್ನು ನಾನೇ ಮಾಡುತ್ತೇನೆ.

ಈಗ ನಡೆಯುವ ರೀತಿ ಹೀಗೆ. ಎಲ್ಲ ಪ್ರಶ್ನೆಗೂ ಉತ್ತರ ಒಂದು ಸಂಖ್ಯೆ. ವರ್ಷ ಇರಬಹುದು, ಲೆಕ್ಕ ಇರಬಹುದು. ಪ್ರತಿಯೊಬ್ಬರೂ ಚೀಟಿಯಲ್ಲಿ ಅಂದಾಜು ಬರೆಯುತ್ತಾರೆ. ಚೀಟಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಆಮೇಲೆ ಎಲ್ಲರೂ ತಮ್ಮ ಹತ್ತಿರ ಇರುವ ಅಂಗಿ ಗುಂಡಿಗಳನ್ನು ಯಾವುದಾದರೂ ಚೀಟಿಯ ಮೇಲೆ ಪಣ ಕಟ್ಟುತ್ತಾರೆ. ತಮ್ಮ ಚೀಟಿಯೇ ಆಗಬೇಕಿಲ್ಲ. ಸರಿ ಉತ್ತರಕ್ಕೆ ಹತ್ತಿರದ ಚೀಟಿಯ ಮೇಲೆ ಕಟ್ಟಿದವರಿಗೆಲ್ಲ ಗುಂಡಿ ಬರುತ್ತದೆ. ಇಂಥ ಆಟ ನಿಮ್ಮಲ್ಲಿ ಕೆಲವರು ಆಡಿರುತ್ತೀರಿ. ಅದರಲ್ಲಿ ಸಾಮಾನ್ಯವಾಗಿ ಸರಿ ಸಂಖ್ಯೆಯನ್ನು ಮೀರಿದ ಚೀಟಿ ಔಟ್. ಆ ನಿಯಮ ನಾನು ತೆಗೆದುಹಾಕಿದೆ. ಚಿಕ್ಕವರಿಗೆ ಅದು ಅನ್ಯಾಯ ಅನ್ನಿಸುತ್ತದೆ, ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಮೇಲಿರಲಿ ಕೆಳಗಿರಲಿ, ಹತ್ತಿರ ಇದ್ದರೆ ಆಯಿತು. ಮಧ್ಯದ ಚೀಟಿಗೆ ಕಟ್ಟಿದ್ದರ ಎರಡರಷ್ಟು, ತುದಿಗೆ ಹೋದ ಹಾಗೆ ಜಾಸ್ತಿ. ಎಷ್ಟೆಷ್ಟು ಜಾಸ್ತಿ ಅನ್ನುವ ಪಟ್ಟಿ ನನ್ನ ಹತ್ತಿರವೇ ಇರಲಿ. ಹಿಂದೆ ಬಿದ್ದವರು ಕೊನೆವರೆಗೂ ಎದ್ದು ಹೋಗದೆ ಕೂರುವುದು ಆ ಪಟ್ಟಿಯಿಂದಲೇ.

ಗುಂಡಿ ಅಂದರೆ ಹಳೇ ಅಂಗಿಗಳಿಂದ ಬಿಚ್ಚಿಟ್ಟ ಗುಂಡಿ. ಖರ್ಚು ಸೊನ್ನೆ. ತಲೆಗೆ ಇಪ್ಪತ್ತರ ಹಾಗೆ ಹಂಚಿ, ಬ್ಯಾಂಕಿಗೆ ಇನ್ನೊಂದು ಡಬ್ಬಿ ಇಟ್ಟುಕೊಂಡರೆ ಸಾಕು. ಮೊದಲ ಸಲ ಗುಂಡಿ ಹಂಚಿದಾಗ ದೊಡ್ಡಮ್ಮ "ಹಬ್ಬದ ದಿನ ಜೂಜಾ?" ಅಂತ ಎದ್ದೇಬಿಟ್ಟರು. ದುಡ್ಡು ಇಲ್ಲ, ಬಹುಮಾನವೂ ಇಲ್ಲ, ಗೆದ್ದವರು ಮರದ ತುದಿಗೆ ನಕ್ಷತ್ರ ಸಿಗಿಸುತ್ತಾರೆ ಅಷ್ಟೇ ಅಂದೆ. ಕೂತರು. ಆ ನಕ್ಷತ್ರ ಸಿಗಿಸುವ ಹಕ್ಕಿಗೆ ಈಗ ಇರುವಷ್ಟು ಪೈಪೋಟಿ ಹಿಂದಿನ ಯಾವ ಬಹುಮಾನಕ್ಕೂ ಇರಲಿಲ್ಲ.

ಆಟ ಹತ್ತಿಕೊಂಡಿದ್ದು ಒಂದು ಪ್ರಶ್ನೆಯಿಂದ. 'ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್' ಹಾಡಿನಲ್ಲಿ ಹನ್ನೆರಡು ದಿನದಲ್ಲಿ ಬರುವ ಉಡುಗೊರೆ ಒಟ್ಟು ಎಷ್ಟು? ಕಾಲೇಜು ಓದುವ ಅಣ್ಣನ ಮಗ ಬೇರೆಯವರು ಪೆನ್ನು ಹುಡುಕುವಷ್ಟರಲ್ಲಿ 78 ಬರೆದು ಕೈ ಕಟ್ಟಿ ಕೂತ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78 ಸರಿಯೇ. ದೊಡ್ಡವರು ಹೆಚ್ಚಿನವರು ಅವನ ಚೀಟಿಯ ಮೇಲೆ ಗುಂಡಿ ಸುರಿಯಲು ಕಾದು ಕೂತರು. ಮನೆಯ ಅತಿ ಚಿಕ್ಕ ಹುಡುಗಿ ಇನ್ನೂ ಬರೆದಿರಲಿಲ್ಲ. ಹಾಡನ್ನು ತುಟಿಯಲ್ಲೇ ಗುನುಗುತ್ತಾ, ಒಂದೊಂದು ಸಾಲಿಗೂ ಬೆರಳು ಮಡಚುತ್ತಾ, ಮತ್ತೆ ಮೊದಲಿಂದ ಶುರು ಮಾಡುತ್ತಾ ಇದ್ದಳು. ಕೊನೆಗೆ ಸಾಕಾಗಿ 300 ಅಂತ ಬರೆದಳು. ದೊಡ್ಡಮ್ಮ ಅವಳನ್ನೇ ನೋಡುತ್ತಿದ್ದರು. ತಮ್ಮ ಗುಂಡಿ ಪೂರ್ತಿ ಎತ್ತಿ 300ರ ಮೇಲೆ ಇಟ್ಟರು. "ಈ ಹುಡುಗಿ ಸುಮ್ನೆ ಬರೆಯೋಳಲ್ಲ" ಅಂದರು. ಉತ್ತರ 364. ದಿನಾ ಹೊಸ ಉಡುಗೊರೆಯ ಜೊತೆ ಹಿಂದಿನ ದಿನಗಳದ್ದೂ ಮತ್ತೆ ಬರುತ್ತದೆ, ಹಾಗಾಗಿ 1, 3, 6, 10 ಅಂತ ಕೂಡುತ್ತಾ ಹೋಗಬೇಕು. ಹನ್ನೆರಡನೇ ದಿನ ಒಂದಕ್ಕೇ 78. ಆ ಒಂದು ಸುತ್ತಿನಲ್ಲಿ ದೊಡ್ಡಮ್ಮನ ಮುಂದೆ ಗುಂಡಿಯ ರಾಶಿಯೇ ಬಿತ್ತು. ದೊಡ್ಡಮ್ಮನಿಗೆ ಆ ಹಾಡು ಬರುವುದಿಲ್ಲ. ಆದರೆ ಆ ಮಗು ಗೊತ್ತು. ನನ್ನ ವಿಧಾನದ ಗುಟ್ಟೆಲ್ಲ ಇಷ್ಟೇ: ವಿಷಯ ಗೊತ್ತಿಲ್ಲದವರೂ ಮನೆಯವರನ್ನು ಓದಿ ಗೆಲ್ಲಬಹುದು.

ಪ್ರಶ್ನೆ ಆರಿಸುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ ಅಂತ ಹೇಳಿಕೊಳ್ಳುತ್ತೇನೆ. 'ಲಂಡನ್‌ನ ಟ್ರಫಾಲ್ಗರ್ ಚೌಕಕ್ಕೆ ಮರ ಕಳಿಸುವ ಊರು ಯಾವುದು' ಅಂದರೆ ಗೊತ್ತಿದ್ದವರು ಓಸ್ಲೋ ಅನ್ನುತ್ತಾರೆ, ಮುಗಿಯಿತು. ಓಸ್ಲೋ ಅಂತ ನಾನೇ ಹೇಳಿ, ಯಾವ ವರ್ಷದಿಂದ ಅಂತ ಕೇಳಿದರೆ ಎಲ್ಲರ ತಲೆಯೂ ಓಡುತ್ತದೆ. ಎರಡನೇ ಮಹಾಯುದ್ಧದ ನೆರವಿಗೆ ಕೃತಜ್ಞತೆ ಅನ್ನುವ ಸುಳಿವು ಕೊಟ್ಟರೆ 1947ರ ಆಸುಪಾಸಿಗೆ ಬಂದೇ ಬರುತ್ತಾರೆ. ಮರಕ್ಕೆ ಮೊದಲು ವಿದ್ಯುತ್ ದೀಪ ಹಾಕಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ, ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್. ಎಷ್ಟು ಬಲ್ಬು ಅಂತ ಕೇಳಿ. ಹತ್ತರಿಂದ ಸಾವಿರದವರೆಗೆ ಚೀಟಿ ಬೀಳುತ್ತವೆ. 80. ಪ್ರಪಂಚದ ಮೊದಲ ಎಸ್‌ಎಂಎಸ್ 'ಮೆರಿ ಕ್ರಿಸ್‌ಮಸ್' ಅಂತ ಹೋಗಿದ್ದು 1992ರ ಡಿಸೆಂಬರ್ 3ರಂದು. ಇದರಲ್ಲಿ ಹಿರಿಯರದೇ ಮೇಲುಗೈ. ಮಕ್ಕಳಿಗೆ ಮೊಬೈಲ್ ಯಾವಾಗಲೂ ಇತ್ತು ಅನ್ನಿಸುತ್ತದೆ, 1950 ಅಂತಲೂ ಬರೆಯುತ್ತಾರೆ. ಐಸ್‌ಲ್ಯಾಂಡಿನ ಮಕ್ಕಳಿಗೆ ಎಷ್ಟು ಜನ ಸಾಂಟಾ ಬರುತ್ತಾರೆ ಅನ್ನುವುದು ಚಿಕ್ಕವರ ಪ್ರಶ್ನೆ. ರಾತ್ರಿಗೊಬ್ಬರ ಹಾಗೆ 13 ತುಂಟರು ಬಂದು ಕಿಟಕಿಯಲ್ಲಿಟ್ಟ ಚಪ್ಪಲಿಯಲ್ಲಿ ಉಡುಗೊರೆ ಹಾಕುತ್ತಾರೆ ಅಂದರೆ ಮಕ್ಕಳು ಆಟವನ್ನೇ ನಿಲ್ಲಿಸಿ ಕಥೆ ಕೇಳುತ್ತಾರೆ.

ಜಗಳ ಹಚ್ಚುವ ಪ್ರಶ್ನೆ ಒಂದಾದರೂ ಬೇಕು. ನನ್ನದು ಇದು: ಮತ್ತಾಯನ ಸುವಾರ್ತೆಯ ಪ್ರಕಾರ ಮಗು ಯೇಸುವನ್ನು ನೋಡಲು ಮೂಡಣ ದೇಶದಿಂದ ಬಂದ ಜೋಯಿಸರು ಎಷ್ಟು ಜನ? ಎಲ್ಲರೂ 3 ಬರೆಯುತ್ತಾರೆ. ಎರಡನೇ ಅಧ್ಯಾಯದಲ್ಲಿ ಸಂಖ್ಯೆಯೇ ಇಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಅಷ್ಟೇ. ಒಂಟೆಯ ಮಾತೂ ಬರುವುದಿಲ್ಲ. ಇದನ್ನು ಕೇಳುವ ಮುಂಚೆ ಬೈಬಲ್ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ. ಓದಿ ತೋರಿಸುವವರೆಗೆ ಯಾರೂ ಒಪ್ಪುವುದಿಲ್ಲ. ಈ ಸುತ್ತಿಗೆ ಕಟ್ಟಿದ ಗುಂಡಿ ವಾಪಸ್ ಕೊಡುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಅದೇ ಧೂಪ, ರಕ್ತಬೋಳ ತರಿಸಿ ಕಣ್ಣು ಕಟ್ಟಿ ವಾಸನೆ ಹಿಡಿಯುವ ಸುತ್ತು ಮಾಡಿದೆ. ಎರಡೂ ಮರದ ಅಂಟು. ಧೂಪ ಎಲ್ಲರಿಗೂ ಇಷ್ಟವಾಯಿತು. ರಕ್ತಬೋಳಕ್ಕೆ ಎಲ್ಲರೂ "ಔಷಧಿ" ಅಂದರು. ಚಿಕ್ಕ ಪೊಟ್ಟಣಕ್ಕೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಒಂದೇ ಸಲ ಸಾಕು. ಹಾಡು ಗುನುಗುವ ಸುತ್ತು ಮಾತ್ರ ಉಳಿಯಿತು. 'ಜಿಂಗಲ್ ಬೆಲ್ಸ್' ಎಲ್ಲರ ಕೈಲೂ ಹಾಡಿಸಿ, ಇದರಲ್ಲಿ ಕ್ರಿಸ್‌ಮಸ್ ಅನ್ನುವ ಪದ ಎಷ್ಟು ಸಲ ಬಂತು ಅಂತ ಕೇಳುತ್ತೇನೆ. ಸೊನ್ನೆ. 1857ರಲ್ಲಿ ಅಚ್ಚಾದ ಈ ಹಾಡು, ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿ ಓಟದ ಹಾಡು. ಹಿಮಸಾರಂಗದ ಕೊಂಬಿನ ಪ್ರಶ್ನೆಯಿಂದ ಮಾತ್ರ ನಾನು ಹುಷಾರಾಗಿದ್ದೇನೆ. ಬೆಳೆದ ಗಂಡುಗಳ ಕೊಂಬು ಸಾಮಾನ್ಯವಾಗಿ ಚಳಿಗಾಲದ ಶುರುವಿಗೆ ಉದುರುತ್ತದೆ, ಹೆಣ್ಣಿನದು ಉಳಿಯುತ್ತದೆ. ಹಾಗಾದರೆ ಸಾಂಟಾನ ಗಾಡಿ ಎಳೆಯುವುದೆಲ್ಲ ಹೆಣ್ಣೇ ಅಂತ ಅತ್ತಿಗೆ ಎತ್ತಿದ ವಾದ ಊಟ ಮುಗಿದರೂ ಮುಗಿಯಲಿಲ್ಲ. ಆವತ್ತು ಕ್ವಿಜ್ ಅರ್ಧಕ್ಕೇ ನಿಂತಿತು.

ಹನ್ನೆರಡರಿಂದ ಹದಿನೈದು ಪ್ರಶ್ನೆ, ಒಂದೂಕಾಲು ಗಂಟೆ. ಅದಕ್ಕಿಂತ ಎಳೆಯಬಾರದು. ಕೊನೇ ಪ್ರಶ್ನೆಗೆ ಮೊದಲು ಗುಂಡಿ ಎಣಿಸಲು ಬಿಡಬೇಡಿ. ಯಾರು ಮುಂದಿದ್ದಾರೆ ಅಂತ ಗೊತ್ತಾದರೆ ಮುಂದಿರುವವರು ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಆ ಕೊನೇ ಪ್ರಶ್ನೆಯನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಭಾವ ಇದನ್ನು ಓದುತ್ತಾರೆ.

ಈ ವರ್ಷಕ್ಕೆ ಒಂದು ಪ್ರಶ್ನೆ ಮಾತ್ರ ಬಿಚ್ಚಿಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಹಳೇ ಜೂಲಿಯನ್ ಪಂಚಾಂಗ ಹಿಡಿದ ಚರ್ಚುಗಳಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ ಬರುತ್ತದೆ. ಎರಡು ಪಂಚಾಂಗಕ್ಕೂ 13 ದಿನದ ಅಂತರ. 2101ರಲ್ಲಿ ಅದು ಎಷ್ಟನೇ ತಾರೀಖಿಗೆ ಬರುತ್ತದೆ? 2100 ನಮ್ಮ ಲೆಕ್ಕದಲ್ಲಿ ಲೀಪ್ ವರ್ಷ ಅಲ್ಲ, ಜೂಲಿಯನ್ ಲೆಕ್ಕದಲ್ಲಿ ಹೌದು. ಅಂತರ 14 ಆಗುತ್ತದೆ, ಹಬ್ಬ ಜನವರಿ 8ಕ್ಕೆ ಹೋಗುತ್ತದೆ. ನಮ್ಮನೆಯಲ್ಲಿ ಇದನ್ನು ಕೇಳುವುದು ನಾನಲ್ಲ, ಆ 300 ಬರೆದ ಹುಡುಗಿ. ಈ ಸಲ ಐದು ಪ್ರಶ್ನೆ ಅವಳ ಕೈಗೆ ಕೊಟ್ಟಿದ್ದೇನೆ. ಷರತ್ತು ಒಂದೇ: ಉತ್ತರ ಎಲ್ಲಿಂದ ತಂದಳು ಅನ್ನುವುದನ್ನು ಪುಸ್ತಕ ತೆರೆದು ನನಗೆ ಮೊದಲೇ ತೋರಿಸಬೇಕು. ಮೂರಕ್ಕೆ ತೋರಿಸಿದ್ದಾಳೆ.