ಬೋಟ್ ಇಲ್ಲದೆ ಕಡಲ ಬಂಡೆಗೆ: ಹುಬ್ಬಳ್ಳಿಯಿಂದ ಕಯಾಕ್ ಹೇರಿಕೊಂಡು ಹೋದ ನನ್ನ ಅನುಭವ

ದಡದಿಂದ ಒಂದೂವರೆ ಕಿಲೋಮೀಟರ್ ಒಳಗಿರುವ ಬಂಡೆಗೆ ಕಯಾಕಿನಲ್ಲಿ (ಹುಟ್ಟು ಹಾಕುವ ಪುಟ್ಟ ದೋಣಿ) ಹೋಗಿ, ಉಸಿರಾಟದ ಸಿಲಿಂಡರ್ ಕಟ್ಟಿ ನೀರೊಳಗೆ ಇಳಿದು, ಮಧ್ಯಾಹ್ನದ ಊಟಕ್ಕೆ ದಡ ಸೇರಬಹುದು. ನಾವು ಮೂವರು ಈಗ ಹಾಗೇ ಮಾಡುತ್ತಿದ್ದೇವೆ. ಇದು ಆಗಲ್ಲ ಅಂದವರೇ ಜಾಸ್ತಿ. "ಸುಮ್ನ ನೇತ್ರಾಣಿ ಬೋಟಿಗೆ ರೊಕ್ಕಾ ಕಟ್ಟರಿ, ಯಾಕ ಇಷ್ಟ ತ್ರಾಸು?" ಎಂದರು. ನೇತ್ರಾಣಿ ದ್ವೀಪ ನನಗೂ ಇಷ್ಟ. ಆದರೆ ಅದು ಮುರುಡೇಶ್ವರದಿಂದ ಸುಮಾರು 19 ಕಿಮೀ, ಬೋಟೇ ಬೇಕು. ನಮಗೆ ಬೇಕಿದ್ದದ್ದು ದಡದ ಹತ್ತಿರದ, ಯಾರೂ ಇಳಿಯದ ಬಂಡೆಗಳು.

ಮೊದಲು ಈಜಿಯೇ ಹೋಗಲು ನೋಡಿದೆವು. ಲಾರಿ ಟ್ಯೂಬಿನ ಮೇಲೆ ಸಿಲಿಂಡರ್ ಕಟ್ಟಿ ಎಳೆದೆವು. ಬಂಡೆ ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತಿದ್ದವು. ಆ ಏದುಸಿರಿನಲ್ಲಿ ಕೆಳಗಿಳಿದರೆ ಗಾಳಿ ನೋಡನೋಡುತ್ತಲೇ ಖಾಲಿ. ಆಮೇಲೆ ಗಾಳಿ ತುಂಬುವ ಕಯಾಕ್ ತಂದೆವು, 14 ಸಾವಿರದ್ದು. ಅಡ್ಡಗಾಳಿ ಬಂದರೆ ಅದು ಮಾತೇ ಕೇಳುತ್ತಿರಲಿಲ್ಲ. ಒಂದೇ ಸೀಸನ್ನಿನಲ್ಲಿ ಬಂಡೆಯ ಚಿಪ್ಪು ತಾಗಿ ಹರಿಯಿತು, ಆ ದುಡ್ಡು ಹೋಯಿತು. ಕೊನೆಗೆ ಮೇಲೆ ಕೂರುವಂಥ ಗಟ್ಟಿ ಪ್ಲಾಸ್ಟಿಕ್ ಕಯಾಕ್ ಎರಡು, ಹಳೆಯವು, ಎರಡೂ ಸೇರಿ 75 ಸಾವಿರದ ಆಸುಪಾಸು. ಕಾರಿನ ಕ್ಯಾರಿಯರ್ರಿಗೆ ಇನ್ನೊಂದು 8 ಸಾವಿರ.

ಅಭ್ಯಾಸ ನಡೆದದ್ದು ಅಣ್ಣಿಗೇರಿ ಹತ್ತಿರ, ಗೆಳೆಯನ ಎರಿ ಹೊಲದ ಕೃಷಿ ಹೊಂಡದಲ್ಲಿ. ತಾಡಪತ್ರಿ ಹಾಸಿದ ಹೊಂಡ ಸಿಕ್ಕಾಪಟ್ಟೆ ಜಾರುತ್ತದೆ. ಬೇವಿನ ಮರಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು. ಅಲ್ಲಿ ಕಲಿತದ್ದು ನೀರಿನಿಂದ ಕಯಾಕಿಗೆ ಮತ್ತೆ ಹತ್ತುವುದನ್ನು. ಮೊದಲು ಬಿಸಿಡಿ (ಸಿಲಿಂಡರ್ ಹಿಡಿಯುವ, ಗಾಳಿ ತುಂಬುವ ಜಾಕೆಟ್) ಉಬ್ಬಿಸಿ, ವೇಟ್ ಬೆಲ್ಟ್ (ಮುಳುಗಲು ಕಟ್ಟುವ ತೂಕದ ಪಟ್ಟಿ) ಮೇಲೆ ಕೊಡಿ. ಆಮೇಲೆ ಬಿಸಿಡಿ ಬಿಚ್ಚಿ, ಕಯಾಕಿನ ಹಗ್ಗಕ್ಕೆ ಸಿಕ್ಕಿಸಿ. ಫಿನ್ (ಈಜುರೆಕ್ಕೆ) ಮಾತ್ರ ಕಾಲಲ್ಲೇ ಇರಲಿ. ಜೋರಾಗಿ ಒದ್ದು ಹೊಟ್ಟೆಯನ್ನು ಕಯಾಕಿಗೆ ಅಡ್ಡ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದ ಕೆಲಸವೆಲ್ಲ ಗಾಳಿಯದು. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ, 11ರ ಸುಮಾರಿಗೆ ತಿರುಗಿ ಕಡಲಿನಿಂದ ದಡಕ್ಕೆ. ಹೋಗುವಾಗ ಅದು, ಬರುವಾಗ ಇದು. ಬೆಳಗಿನ ಗಾಳಿ ಜೋರಿದ್ದರೆ ಮಾತ್ರ ಇಳಿಯುವುದೇ ಇಲ್ಲ, ಅದು ತಳ್ಳಿಕೊಂಡೇ ಹೋಗುತ್ತದೆ. ಹಿಂದಿನ ರಾತ್ರಿ ಇನ್‌ಕಾಯ್ಸ್‌ನ (ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಅಲೆ ಮುನ್ಸೂಚನೆ ನೋಡುತ್ತೇವೆ. ಒಂದು ಮೀಟರ್ ದಾಟಿದರೆ ಹುಬ್ಬಳ್ಳಿಯಿಂದಲೇ ಹೊರಡಲ್ಲ.

ಲಂಗರು ಯಾವಾಗಲೂ ಬಂಡೆಯ ಪಕ್ಕದ ಮರಳಿಗೆ, ಹವಳದ ಮೇಲೆ ಅಲ್ಲ. ಆದರೂ ಎಲ್ಲಾದರೂ ಸಿಕ್ಕಿಬೀಳುತ್ತದೆ. ಹೀಗೇ ಎರಡು ಲಂಗರು ಕಳೆದುಕೊಂಡ ಮೇಲೆ ಚೈನನ್ನು ಲಂಗರಿನ ಬುಡಕ್ಕೆ ಕಟ್ಟಿ, ಮೇಲಿನ ಬಳೆಗೆ ಬರೀ ಒಂದು ಪ್ಲಾಸ್ಟಿಕ್ ಟೈ ಹಾಕಿದೆವು. ಸಿಕ್ಕಿದಾಗ ಜಗ್ಗಿದರೆ ಟೈ ಹರಿದು ಲಂಗರು ಬುಡಮೇಲಾಗಿ ಬಂದುಬಿಡುತ್ತದೆ. ಒಬ್ಬರು ಮೇಲೆ ಕಾವಲಿಗೆ, ಇಬ್ಬರು ಜೋಡಿಯಾಗಿ ಕೆಳಗೆ. ಇದರಲ್ಲಿ ರಿಯಾಯಿತಿ ಇಲ್ಲ.

ಒಮ್ಮೆ ಗೊಬ್ಬರದ ಚೀಲ ಬಿಚ್ಚಿ, ಹುಬ್ಬಳ್ಳಿಯ ದುರ್ಗದಬೈಲಿನ ಟೇಲರ್ ಹತ್ತಿರ ಹೊಲಿಸಿ ಹಾಯಿ ಮಾಡಿದೆವು. ಬೆನ್ನಿಗೆ ಗಾಳಿ ಇದ್ದರೆ ಪಸಂದಾಗಿ ಓಡುತ್ತದೆ, ಗಾಳಿ ಸ್ವಲ್ಪ ಓರೆಯಾದರೂ ಉಪಯೋಗವಿಲ್ಲ. ಬಿದಿರಿನ ಅಡ್ಡಕೋಲು ಹಾಕಿ ಇನ್ನೊಮ್ಮೆ ನೋಡಬೇಕು.

ಕಾರವಾರದ ಕಡೆ ನೌಕಾನೆಲೆ ಇದೆ, ಆ ಗೋಜು ಬೇಡ. ಅಘನಾಶಿನಿ, ಶರಾವತಿ ಕಡಲು ಸೇರುವಲ್ಲಿ ನೀರು ರಾಡಿ. ಎರಡರಿಂದಲೂ ದೂರ, ಕುಮಟಾ–ಹೊನ್ನಾವರದ ನಡುವೆ ಹುಡುಕಿ. ನಮ್ಮ ಬಂಡೆ ಯಾವುದು ಅಂತ ಹೇಳಲ್ಲ, ಅಲ್ಲಿ ಅಲೆ ದಾಟುವ ಸಂದು ಎಲ್ಲಿದೆ ಅನ್ನೋದನ್ನೂ ಹೇಳಲ್ಲ. ಜನವರಿಯಲ್ಲಿ ಏಳು ಮೀಟರ್ ಆಳದಲ್ಲಿ ಐದಾರು ಮೀಟರ್ ದೂರ ಕಾಣುತ್ತಿತ್ತು. ಬಂಡೆಯ ಸೀಳಿನಿಂದ ಲಾಬ್‌ಸ್ಟರಿನ ಎರಡು ಉದ್ದ ಮೀಸೆ ಹೊರಗೆ ಬಂದು, ನನ್ನ ಉಸಿರಿನ ಗುಳ್ಳೆ ತಾಗಿದ್ದೇ ಒಳಗೆ ಹೋದವು.

ಹೋಗಿಬರಲು 320 ಕಿಮೀ ಡೀಸೆಲ್, ಎರಡು ಸಿಲಿಂಡರ್ ಬಾಡಿಗೆ, ಮೀನಿನ ಊಟ. ಮೂವರಿಗೂ ಸೇರಿ 5 ಸಾವಿರದೊಳಗೆ ಮುಗಿಯುತ್ತದೆ.