ಲೈಬ್ರರಿ ಇ-ಬುಕ್: ಇಡೀ ಪುಸ್ತಕ ಬೇಡ, ಅಧ್ಯಾಯ ಇಳಿಸಿಕೊಳ್ಳಿ

ಯೂನಿವರ್ಸಿಟಿ ಲೈಬ್ರರಿಯ ಇ-ಬುಕ್ ತೆರೆದ ಕೂಡಲೇ ಇಡೀ ಪುಸ್ತಕದ ಡೌನ್‌ಲೋಡ್ ಒತ್ತಬೇಡಿ, ಬೇಕಾದ ಅಧ್ಯಾಯವನ್ನಷ್ಟೇ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಲೈಬ್ರರಿಗಳು ಇ-ಬುಕ್ ಒದಗಿಸುವ ಪ್ರೊಕ್ವೆಸ್ಟ್ ಇಬುಕ್ ಸೆಂಟ್ರಲ್‌ನಂಥ ತಾಣಗಳಲ್ಲಿ ಪೂರ್ತಿ ಪುಸ್ತಕ ಇಳಿಸಿದರೆ ಅದು ಎರವಲು ಪಡೆದ ಲೆಕ್ಕ. ಸಾಮಾನ್ಯವಾಗಿ ಬರುವುದು ಬೀಗ ಹಾಕಿದ ಫೈಲ್. ಅದಕ್ಕೆ ಅಡೋಬ್ ಡಿಜಿಟಲ್ ಎಡಿಷನ್ಸ್ ಥರದ ಆ್ಯಪ್ ಬೇಕು, ಅವಧಿ ಮುಗಿದ ಮೇಲೆ ತೆರೆಯುವುದೂ ಇಲ್ಲ. ಲೈಬ್ರರಿ ಒಬ್ಬರೇ ಓದುವ ಲೈಸೆನ್ಸ್ ಕೊಂಡಿದ್ದರಂತೂ ಅಷ್ಟೂ ದಿನ ಬೇರೆಯವರಿಗೆ ಪುಸ್ತಕ ಸಿಗದು. ಪರೀಕ್ಷೆ ಹತ್ತಿರ ಬಂದಾಗ ಇದು ಯಾರಿಗೂ ಬೇಡದ ತಲೆನೋವು ಅಲ್ವಾ? ಅಧ್ಯಾಯದ ಪಿಡಿಎಫ್ ಹಾಗಲ್ಲ, ಮಾಮೂಲಿ ಫೈಲ್. ಫೋನಲ್ಲೂ ತೆರೆಯುತ್ತದೆ, ಗಡುವಿನ ಕಾಟವಿಲ್ಲ. ಪರಿವಿಡಿಯಲ್ಲಿ ಅಧ್ಯಾಯದ ಹೆಸರಿನ ಪಕ್ಕದಲ್ಲೇ ಡೌನ್‌ಲೋಡ್ ಗುರುತು ಹುಡುಕಿ. ಇದು ಎಲ್ಲ ಕಡೆ ನಡೆಯುವುದಿಲ್ಲ. ಪ್ರಕಾಶಕರು ಎಷ್ಟು ಪುಟ ಇಳಿಸಬಹುದು ಅಂತ ಮಿತಿ ಹಾಕಿರುತ್ತಾರೆ. ಉದ್ದದ ಅಧ್ಯಾಯವಾದರೆ ಅರ್ಧದಲ್ಲೇ ಕೋಟಾ ಖಾಲಿ, ಹಾಗಾಗಿ ಮುನ್ನುಡಿ, ಸೂಚಿಗಳಿಗೆಲ್ಲ ಸುಮ್ನೆ ಪುಟ ಕಳೆಯಬೇಡಿ. ಕೆಲವು ಪುಸ್ತಕಗಳಿಗೆ ಇಳಿಸುವ ಅವಕಾಶವೇ ಇರುವುದಿಲ್ಲ. ಆಗ ಆನ್‌ಲೈನಲ್ಲೇ ಓದಿ, ಮುಗಿದ ಮೇಲೆ ಟ್ಯಾಬ್ ಮುಚ್ಚಿ. ತೆರೆದೇ ಬಿಟ್ಟರೆ ಸ್ವಲ್ಪ ಹೊತ್ತು ನಿಮ್ಮ ಹೆಸರಲ್ಲೇ ಪ್ರತಿ ಹಿಡಿದಿಟ್ಟಂತೆ. ಇನ್ನೊಂದು: ಅದೇ ಹೆಸರನ್ನು ಕ್ಯಾಟಲಾಗಿನಲ್ಲಿ ಮತ್ತೊಮ್ಮೆ ಹುಡುಕಿ. ಒಂದೇ ಪುಸ್ತಕ ಎರಡು ತಾಣಗಳಲ್ಲಿ ಇರುವುದುಂಟು. ಸ್ಪ್ರಿಂಗರ್‌ಲಿಂಕ್ ಅಥವಾ ಜೆಸ್ಟೋರ್‌ನಲ್ಲಿ ಸಿಕ್ಕಿದರೆ ಅದನ್ನೇ ಆರಿಸಿ, ಅಲ್ಲಿ ಈ ಬೀಗದ ಗೋಳು ತೀರಾ ಕಡಿಮೆ.